ಇಂಟರ್‌ನೆಟ್ ಟಿ.ವಿ.ಯ ಹೊರೆ ಮತ್ತು ಹಂಚಿಕೆಯ ದಾರಿ

(ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ನಡೆದ ಸದಸ್ಯರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಟರ್‌ನೆಟ್ ಮೂಲಕ ಟಿ.ವಿ. ನೋಡುವಾಗ ಜಾಲದ ಮೇಲೆ ಬೀಳುವ ಹೊರೆಯನ್ನು ಕಡಿಮೆ ಮಾಡುವುದು ಹೇಗೆ ಎಂಬುದು ಈ ದಿನ ನನಗೆ ಕೊಟ್ಟಿರುವ ವಿಷಯ. ಹೆಸರು ಕೇಳಿದ ಕೂಡಲೇ ಇದು ಎಂಜಿನಿಯರಿಂಗ್ ಓದುವವರಿಗೆ ಮಾತ್ರ ಸೇರಿದ್ದು ಎಂದು ತಮಗೆ ಅನ್ನಿಸಬಹುದು. ಆದರೆ ತಿಂಗಳು ತಿಂಗಳೂ ಮಕ್ಕಳ ಮೊಬೈಲಿಗೆ ರೀಚಾರ್ಜ್ ಮಾಡಿಸುವ ತಂದೆ ತಾಯಂದಿರಿಗೂ, ಪಾಠದ ವಿಡಿಯೋ ನಡುವೆ ನಿಂತುಹೋಗಿ ಸುತ್ತುವ ಚಕ್ರವನ್ನೇ ನೋಡುತ್ತಾ ಕೂರುವ ವಿದ್ಯಾರ್ಥಿಗೂ, ಒಂದು ಕಂಪ್ಯೂಟರ್ ಲ್ಯಾಬ್ ನಡೆಸುವ ಶಾಲೆಯ ಆಡಳಿತ ಮಂಡಳಿಗೂ ಇದು ಸಂಬಂಧಪಟ್ಟ ವಿಷಯವೇ ಆಗಿದೆ. ಆದ್ದರಿಂದ ಆದಷ್ಟು ಸರಳವಾಗಿ ಹೇಳಲು ಪ್ರಯತ್ನಿಸುತ್ತೇನೆ.

ರೇಡಿಯೋಗೂ ಇಂಟರ್‌ನೆಟ್ಟಿಗೂ ಇರುವ ವ್ಯತ್ಯಾಸ

ನಮ್ಮ ಪಕ್ಕದ ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಆ ಕೇಂದ್ರದ ಪ್ರಸಾರವನ್ನು ಒಬ್ಬನೇ ರೈತ ಕೇಳಿದರೂ, ಇಡೀ ಮಲೆನಾಡು ಕೇಳಿದರೂ ಕೇಂದ್ರಕ್ಕೆ ತಗಲುವ ವಿದ್ಯುತ್ ಅಷ್ಟೇ. ಹೊಸದಾಗಿ ಒಬ್ಬರು ರೇಡಿಯೋ ಹಚ್ಚಿದರೆ ಹಳೆಯ ಕೇಳುಗರಿಗೆ ಧ್ವನಿ ಕಡಿಮೆಯಾಗುವುದಿಲ್ಲ. ದೂರದರ್ಶನವೂ ಹಾಗೆಯೇ, ಉಪಗ್ರಹವೂ ಹಾಗೆಯೇ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಎಜುಸ್ಯಾಟ್ ಎಂಬ ಶಿಕ್ಷಣಕ್ಕೆ ಮೀಸಲಾದ ಉಪಗ್ರಹವನ್ನು ಹಾರಿಸಿದಾಗ, ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದರ ಮೂಲಕ ತನ್ನ ಕಾಲೇಜುಗಳಿಗೆ ಪಾಠಗಳನ್ನು ಪ್ರಸಾರ ಮಾಡಿತು. ಒಬ್ಬ ಪ್ರಾಧ್ಯಾಪಕರ ಒಂದು ಪಾಠ ಒಮ್ಮೆ ಮೇಲಕ್ಕೆ ಹೋದರೆ ಸಾಕು, ಡಿಶ್ ಇಟ್ಟುಕೊಂಡ ಎಲ್ಲ ಕಾಲೇಜುಗಳಿಗೂ ಅದು ಇಳಿಯುತ್ತಿತ್ತು.

ಇಂಟರ್‌ನೆಟ್ ಹುಟ್ಟಿದ್ದು ಬೇರೆ ಉದ್ದೇಶಕ್ಕೆ. ಅದು ಅಂಚೆಯಂತೆ, ಒಂದು ಕಂಪ್ಯೂಟರಿನಿಂದ ಇನ್ನೊಂದು ಕಂಪ್ಯೂಟರಿಗೆ ಕಾಗದ ತಲುಪಿಸುವ ವ್ಯವಸ್ಥೆ. ನೂರು ಜನ ಒಂದೇ ಕಾರ್ಯಕ್ರಮ ನೋಡಿದರೆ ಸರ್ವರ್ ಅದೇ ಕಾರ್ಯಕ್ರಮದ ನೂರು ಪ್ರತಿಗಳನ್ನು ನೂರು ವಿಳಾಸಗಳಿಗೆ ಬೇರೆ ಬೇರೆಯಾಗಿ ಕಳಿಸಬೇಕು. ಗಾಂಧಿ ಬಜಾರಿನ ಒಂದೇ ಬೀದಿಯ ಹತ್ತು ಅಂಗಡಿಗಳಲ್ಲಿ ಒಂದೇ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದರೆ, ಅದೇ ಚೆಂಡು, ಅದೇ ಹೊಡೆತ ಹತ್ತು ಬಾರಿ ದೂರದಿಂದ ಪ್ರಯಾಣ ಮಾಡಿ ಬರುತ್ತದೆ. ಸಮಸ್ಯೆಯ ಮೂಲ ಇಲ್ಲಿದೆ.

ಸ್ವಲ್ಪ ಲೆಕ್ಕ

ವಿದ್ಯಾರ್ಥಿಗಳು ದಯವಿಟ್ಟು ಈ ಲೆಕ್ಕವನ್ನು ಬರೆದುಕೊಳ್ಳಿ. ಸಾಧಾರಣ ಗುಣಮಟ್ಟದ ಒಂದು ವಿಡಿಯೋಗೆ ಸೆಕೆಂಡಿಗೆ 2 ಮೆಗಾಬಿಟ್ ಬೇಕು ಎಂದು ಇಟ್ಟುಕೊಳ್ಳೋಣ. ಒಂದು ಗಂಟೆಗೆ 3,600 ಸೆಕೆಂಡು. ಅಂದರೆ 7,200 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್ ಆದ್ದರಿಂದ ಇದು 900 ಮೆಗಾಬೈಟ್, ಸುಮಾರು 0.9 ಜಿ.ಬಿ. ದಿನಕ್ಕೆ 1.5 ಜಿ.ಬಿ. ಪ್ಯಾಕ್ ಹಾಕಿಸಿಕೊಂಡವನಿಗೆ ಒಂದೂವರೆ ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಅದು ಮುಗಿದುಹೋಗುತ್ತದೆ.

ಇದು ನೋಡುವವನ ಲೆಕ್ಕ. ಕಳಿಸುವವನ ಲೆಕ್ಕ ನೋಡಿ. 2019ರ ವಿಶ್ವಕಪ್‌ನ ಭಾರತ ಮತ್ತು ನ್ಯೂಜಿಲೆಂಡ್ ಸೆಮಿಫೈನಲ್ ಪಂದ್ಯವನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.53 ಕೋಟಿ ಜನ ನೋಡಿದರು. 2023ರ ನವೆಂಬರ್ 19ರ ಫೈನಲ್ ದಿನ ಈ ಸಂಖ್ಯೆ 5.9 ಕೋಟಿಗೆ ಏರಿತು. ತಲಾ 2 ಮೆಗಾಬಿಟ್ ಎಂದರೂ 5.9 ಕೋಟಿ ಜನರಿಗೆ ಸೆಕೆಂಡಿಗೆ 118 ಟೆರಾಬಿಟ್ ಬೇಕು. ಯಾವ ಒಂದು ಸರ್ವರ್‌ನಿಂದಲೂ ಇಷ್ಟನ್ನು ಹೊರಗೆ ಬಿಡಲು ಸಾಧ್ಯವಿಲ್ಲ.

ಈ ಹೊರೆ ಎಷ್ಟು ನಿಜ ಎಂಬುದು 2020ರ ಮಾರ್ಚ್ ತಿಂಗಳಲ್ಲಿ ಎಲ್ಲರಿಗೂ ಗೊತ್ತಾಯಿತು. ಲಾಕ್‌ಡೌನ್ ಆಗಿ ಜನರೆಲ್ಲ ಮನೆಯಲ್ಲೇ ಕುಳಿತಾಗ, ಭಾರತದಲ್ಲಿ ವಿಡಿಯೋ ಸೇವೆ ಕೊಡುವ ಕಂಪನಿಗಳು ತಾವಾಗಿಯೇ ಕೂಡಿ ಮೊಬೈಲ್ ಜಾಲದಲ್ಲಿ ಚಿತ್ರದ ಗುಣಮಟ್ಟವನ್ನು 480ಪಿ ಮಟ್ಟಕ್ಕೆ ಇಳಿಸಿದವು. ಅದೇ ಅವಧಿಯಲ್ಲಿ ನಮ್ಮ ಮಲೆನಾಡಿನ ಹಳ್ಳಿಗಳ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಹಲವರಿಗೆ ಆಸರೆಯಾದದ್ದು ದೂರದರ್ಶನದ ಚಂದನ ವಾಹಿನಿಯಲ್ಲಿ ಬಂದ ಪಾಠಗಳು, ಅಂದರೆ ಹಳೆಯ ಪ್ರಸಾರ ಪದ್ಧತಿಯೇ.

ಇರುವ ಮೂರು ದಾರಿಗಳು

ಈ ಹೊರೆಯನ್ನು ಇಳಿಸಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಉಗ್ರಾಣದ ದಾರಿ. ಒಂದೇ ಸರ್ವರ್ ಬದಲು ಊರೂರಿನಲ್ಲಿ ಪ್ರತಿಗಳನ್ನು ಇಟ್ಟುಕೊಂಡು ಹತ್ತಿರದವರಿಗೆ ಹತ್ತಿರದಿಂದ ಕೊಡುವುದು. ನಾವು ಸೋಪು, ಬೆಂಕಿಪೊಟ್ಟಣ ಕೊಳ್ಳಲು ಕಾರ್ಖಾನೆಗೆ ಹೋಗುವುದಿಲ್ಲ. ಗಾಂಧಿ ಬಜಾರಿನ ಸಗಟು ವ್ಯಾಪಾರಿ ತಂದಿಟ್ಟಿರುತ್ತಾನೆ, ನಾವು ಅವನ ಹತ್ತಿರ ಕೊಳ್ಳುತ್ತೇವೆ. ನೆಟ್‌ಫ್ಲಿಕ್ಸ್ 2012ರಿಂದ ತನ್ನದೇ ಪೆಟ್ಟಿಗೆಗಳನ್ನು ಇಂಟರ್‌ನೆಟ್ ಕಂಪನಿಗಳ ಕೇಂದ್ರಗಳಲ್ಲೇ ಇರಿಸುತ್ತಾ ಬಂದಿದೆ. ಕ್ರಿಕೆಟ್ ಪಂದ್ಯದ ಕೋಟಿಗಟ್ಟಲೆ ನೋಟ ಸಾಧ್ಯವಾದದ್ದೂ ಈ ಬಗೆಯ ಉಗ್ರಾಣಗಳಿಂದಲೇ. ಆದರೆ ಉಗ್ರಾಣಕ್ಕೆ ಬಂಡವಾಳ ಬೇಕು. ದೊಡ್ಡ ಕಂಪನಿಗೆ ಅದು ಸುಲಭ, ಒಂದು ಸಣ್ಣ ಸಂಸ್ಥೆಗೆ ಕಷ್ಟ.

ಎರಡನೆಯದು ಮಲ್ಟಿಕಾಸ್ಟ್. ಒಂದೇ ಪ್ರತಿ ಹೊರಟು, ದಾರಿ ಎಲ್ಲಿ ಕವಲೊಡೆಯುತ್ತದೋ ಅಲ್ಲಿ ಮಾತ್ರ ಎರಡಾಗುವ ಪದ್ಧತಿ ಇದು. ಇದರ ನಿಯಮಗಳು 1989ರಲ್ಲೇ ಪ್ರಕಟವಾದವು. ಒಂದೇ ಕಂಪನಿಯ ಜಾಲದ ಒಳಗೆ ಇದು ಚೆನ್ನಾಗಿ ನಡೆಯುತ್ತದೆ. ಐಪಿ ಟಿ.ವಿ. ಸೇವೆಗಳು ಇದನ್ನೇ ಬಳಸುತ್ತವೆ. ಆದರೆ ಇಡೀ ಇಂಟರ್‌ನೆಟ್ಟಿನಲ್ಲಿ ನಡೆಯಬೇಕಾದರೆ ದಾರಿಯಲ್ಲಿರುವ ಎಲ್ಲ ಕಂಪನಿಗಳೂ ಒಪ್ಪಿ ಸಹಕರಿಸಬೇಕು. ಆ ಒಪ್ಪಂದ ಇಂದಿಗೂ ಆಗಿಲ್ಲ.

ಮೂರನೆಯದೇ ನಮ್ಮ ಇಂದಿನ ವಿಷಯ, ಪೀರ್ ಟು ಪೀರ್. ಪೀರ್ ಎಂದರೆ ಸರಿಸಮಾನ, ಜೊತೆಗಾರ. ನೋಡುವವರೇ ಪರಸ್ಪರ ಹಂಚಿಕೊಳ್ಳುವ ದಾರಿ ಇದು.

ಹಂಚಿಕೆ ನಡೆಯುವ ಬಗೆ

ಪರೀಕ್ಷೆ ಹತ್ತಿರ ಬಂದಾಗ ತಾವು ನೋಟ್ಸ್ ಹಂಚಿಕೊಳ್ಳುವುದನ್ನು ನೆನಪಿಸಿಕೊಳ್ಳಿ. ಮೇಷ್ಟ್ರ ಬಳಿ ಇರುವುದು ಒಂದೇ ಪ್ರತಿ. ಅರವತ್ತು ವಿದ್ಯಾರ್ಥಿಗಳು ಸಾಲು ನಿಂತರೆ ಅವರಿಗೂ ಬೇಸರ, ನಿಮಗೂ ತಡ. ಅದಕ್ಕೆ ಒಬ್ಬ ಮೊದಲ ಅಧ್ಯಾಯ, ಇನ್ನೊಬ್ಬ ಎರಡನೆಯದು, ಮತ್ತೊಬ್ಬ ಮೂರನೆಯದು ತೆಗೆದುಕೊಂಡು ಹೊರಗೆ ಬಂದು ತಮ್ಮತಮ್ಮಲ್ಲೇ ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ. ಮೇಷ್ಟ್ರು ಪ್ರತಿ ಅಧ್ಯಾಯವನ್ನು ಒಂದೆರಡು ಬಾರಿ ಕೊಟ್ಟರೆ ಸಾಕು, ತರಗತಿಗೆಲ್ಲ ಸಿಗುತ್ತದೆ.

ಕಂಪ್ಯೂಟರ್ ಮಾಡುವುದೂ ಇಷ್ಟನ್ನೇ. ವಿಡಿಯೋವನ್ನು ಕೆಲವು ಸೆಕೆಂಡುಗಳ ಸಣ್ಣ ತುಣುಕುಗಳಾಗಿ ಕತ್ತರಿಸಲಾಗುತ್ತದೆ. ಯಾರ ಬಳಿ ಯಾವ ತುಣುಕು ಇದೆ ಎಂಬ ಪಟ್ಟಿ ಜೊತೆಗಾರರ ನಡುವೆ ಓಡಾಡುತ್ತಿರುತ್ತದೆ. ನನಗೆ ಬೇಕಾದ ತುಣುಕು ನಿಮ್ಮ ಬಳಿ ಇದ್ದರೆ ನಿಮ್ಮಿಂದ ಪಡೆಯುತ್ತೇನೆ. ನನ್ನ ಬಳಿ ಇರುವುದನ್ನು ಇನ್ನೊಬ್ಬರಿಗೆ ಕೊಡುತ್ತೇನೆ. ಯಾರ ಬಳಿಯೂ ಇಲ್ಲದಿದ್ದರೆ, ಅಥವಾ ಸಮಯ ಮೀರುತ್ತಿದ್ದರೆ ಮಾತ್ರ ಸರ್ವರ್ ಬಾಗಿಲು ತಟ್ಟುತ್ತೇನೆ. ಬಂದ ತುಣುಕು ಅಸಲಿಯೋ, ಯಾರಾದರೂ ಕೆಡಿಸಿದ್ದಾರೋ ಎಂದು ತಿಳಿಯಲು ಪ್ರತಿ ತುಣುಕಿಗೂ ಬೆರಳಚ್ಚಿನಂಥ ಒಂದು ಸಂಖ್ಯೆ ಇರುತ್ತದೆ. ಅದು ತಾಳೆಯಾಗದಿದ್ದರೆ ತುಣುಕನ್ನು ಎಸೆಯಲಾಗುತ್ತದೆ.

2001ರಲ್ಲಿ ಬ್ರಾಮ್ ಕೊಹೆನ್ ರೂಪಿಸಿದ ಬಿಟ್‌ಟೊರೆಂಟ್ ಈ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿತು. ಅದರಲ್ಲಿ ಎರಡು ಜಾಣ ನಿಯಮಗಳಿದ್ದವು. ಎಲ್ಲರಿಗಿಂತ ಕಡಿಮೆ ಜನರ ಬಳಿ ಇರುವ ತುಣುಕನ್ನು ಮೊದಲು ಪಡೆ ಎಂಬುದು ಒಂದು. ಕೊಡುವವನಿಗೆ ಕೊಡು ಎಂಬುದು ಇನ್ನೊಂದು. ಕೇವಲ ತೆಗೆದುಕೊಂಡು ಕೊಡದೆ ಕೂರುವವನಿಗೆ ವೇಗ ಕಡಿಮೆ. ಆದರೆ ಟಿ.ವಿ.ಯಲ್ಲಿ ಮೊದಲ ನಿಯಮ ಹಾಗೆಯೇ ನಡೆಯುವುದಿಲ್ಲ. ಕಡತ ಇಳಿಸುವವನಿಗೆ ಕೊನೆಯ ತುಣುಕು ಮೊದಲು ಬಂದರೂ ನಡೆಯುತ್ತದೆ. ನೋಡುವವನಿಗೆ ಮುಂದಿನ ಐದು ಸೆಕೆಂಡಿನ ಚಿತ್ರ ಐದು ಸೆಕೆಂಡಿನೊಳಗೆ ಬರಲೇಬೇಕು. ತಡವಾಗಿ ಬಂದ ತುಣುಕು ಬಸ್ ಹೋದ ಮೇಲೆ ಬಂದ ಪ್ರಯಾಣಿಕನಂತೆ.

ಇನ್ನೊಂದು ತೊಡಕೂ ಇದೆ. ಕೈಯಿಂದ ಕೈಗೆ ದಾಟಿ ಬರುವುದರಿಂದ ನೇರ ಪ್ರಸಾರ ಸ್ವಲ್ಪ ಹಿಂದೆ ಬೀಳಬಹುದು. ಪಕ್ಕದ ಮನೆಯ ಡಿಶ್ ಟಿ.ವಿ.ಯಲ್ಲಿ ಸಿಕ್ಸರ್‌ಗೆ ಚಪ್ಪಾಳೆ ಬಿದ್ದ ಮೇಲೆ ನಮ್ಮ ಪರದೆಯಲ್ಲಿ ಬೌಲರ್ ಓಡಿ ಬರುತ್ತಿರುತ್ತಾನೆ.

ಇತಿಹಾಸ ಕಲಿಸಿದ ಪಾಠ

ಇದು ಬರೀ ಪುಸ್ತಕದ ಮಾತಲ್ಲ. 2004ರ ಸುಮಾರಿಗೆ ಹಾಂಗ್‌ಕಾಂಗ್‌ನ ಕೂಲ್‌ಸ್ಟ್ರೀಮಿಂಗ್, ಚೀನಾದ ವುಹಾನ್ ನಗರದ ಹುವಾಝೊಂಗ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪಿಪಿಲೈವ್ ಇದನ್ನು ಮಾಡಿ ತೋರಿಸಿದವು. 2006ರ ಜನವರಿಯಲ್ಲಿ ಚೀನೀ ಹೊಸ ವರ್ಷದ ಕಾರ್ಯಕ್ರಮವನ್ನು ಪಿಪಿಲೈವ್‌ನಲ್ಲಿ ಏಕಕಾಲಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅಷ್ಟೂ ಜನರಿಗೆ ತಲುಪಿದ್ದು ಒಟ್ಟು ಸೆಕೆಂಡಿಗೆ ಸುಮಾರು 100 ಗಿಗಾಬಿಟ್. ಅದರ ಬಹುಪಾಲನ್ನು ಹೊತ್ತದ್ದು ನೋಡುಗರ ಕಂಪ್ಯೂಟರ್‌ಗಳೇ. ವಿದ್ಯಾರ್ಥಿಗಳ ಕೈಯಲ್ಲಿ ಬೆಳೆದ ಒಂದು ಕೆಲಸ ಇಷ್ಟು ದೂರ ಹೋಯಿತು ಎಂಬುದನ್ನು ತಾವು ಗಮನಿಸಬೇಕು.

ಆದರೆ ಇನ್ನೊಂದು ಕಥೆಯೂ ಇದೆ. ಬ್ರಿಟನ್ನಿನ ಬಿಬಿಸಿ 2007ರ ಡಿಸೆಂಬರ್ 25ರಂದು ಐಪ್ಲೇಯರ್ ಸೇವೆಯನ್ನು ವಿಧ್ಯುಕ್ತವಾಗಿ ಆರಂಭಿಸಿದಾಗ ಕಾರ್ಯಕ್ರಮ ಇಳಿಸಿಕೊಳ್ಳಲು ಕೊಂಟಿಕಿ ಎಂಬ ಪೀರ್ ಟು ಪೀರ್ ತಂತ್ರಾಂಶವನ್ನು ಬಳಸಿತು. ತಮ್ಮ ಕಂಪ್ಯೂಟರ್ ಹಿನ್ನೆಲೆಯಲ್ಲಿ ಅಪ್‌ಲೋಡ್ ಮಾಡುತ್ತಿರುವುದನ್ನು ಕಂಡು ಜನ ಅಸಮಾಧಾನಗೊಂಡರು. ಇಂಟರ್‌ನೆಟ್ ಕಂಪನಿಗಳೂ ಗೊಣಗಿದವು. 2008ರ ಡಿಸೆಂಬರ್‌ನಲ್ಲಿ ಬಿಬಿಸಿ ಅದನ್ನು ಬಿಟ್ಟು ನೇರ ಡೌನ್‌ಲೋಡ್‌ಗೆ ಬಂದಿತು. ಸ್ಕೈಪ್ ಸ್ಥಾಪಕರು 2007ರಲ್ಲಿ ತಂದ ಜೂಸ್ಟ್ ಎಂಬ ಟಿ.ವಿ. ಸೇವೆಯೂ 2008ರಲ್ಲಿ ಇದೇ ಹಾದಿ ಹಿಡಿಯಿತು. ಹಾಡಿನ ಸೇವೆಯಾದ ಸ್ಪಾಟಿಫೈ 2014ರಲ್ಲಿ ಪೀರ್ ಟು ಪೀರ್ ಕೈಬಿಟ್ಟಿತು. ಸರ್ವರ್ ಮತ್ತು ಬ್ಯಾಂಡ್‌ವಿಡ್ತ್ ಅಗ್ಗವಾದಂತೆ ದೊಡ್ಡವರಿಗೆ ಜೊತೆಗಾರರ ನೆರವು ಬೇಡವಾಯಿತು.

ಉಳಿತಾಯ ಯಾರದು? ವೆಚ್ಚ ಯಾರದು?

ಬಂಧುಗಳೇ, ನನ್ನ ಮಾತಿನ ಮುಖ್ಯ ಭಾಗ ಇದು. ಪೀರ್ ಟು ಪೀರ್‌ನಿಂದ ಬ್ಯಾಂಡ್‌ವಿಡ್ತ್ ಉಳಿಯುತ್ತದೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಯಾರ ಬ್ಯಾಂಡ್‌ವಿಡ್ತ್ ಎಂದು ಕೇಳುವುದಿಲ್ಲ.

ಸಾವಿರ ಜನ ನೋಡುತ್ತಿದ್ದಾರೆ, ತಲಾ 2 ಮೆಗಾಬಿಟ್. ಒಟ್ಟು 2,000 ಮೆಗಾಬಿಟ್. ಪ್ರತಿಯೊಬ್ಬರೂ ಸರಾಸರಿ ಅರ್ಧ ಮೆಗಾಬಿಟ್ ಅಪ್‌ಲೋಡ್ ಕೊಟ್ಟರೆ ಜೊತೆಗಾರರಿಂದ 500 ಬಂತು, ಸರ್ವರ್ 1,500 ಕೊಡಬೇಕು. ತಲಾ ಒಂದೂವರೆ ಕೊಟ್ಟರೆ ಸರ್ವರ್ ಕೊಡಬೇಕಾದ್ದು 500 ಮಾತ್ರ. ಆದರೆ ಎರಡೂ ಸಂದರ್ಭದಲ್ಲಿ ನೋಡುವವನ ಮನೆಗೆ ಬಂದದ್ದು ಅದೇ 2 ಮೆಗಾಬಿಟ್. ಅವನ ಡೌನ್‌ಲೋಡ್ ಒಂದು ಬಿಟ್ ಕೂಡ ಕಡಿಮೆಯಾಗಲಿಲ್ಲ. ಅದರ ಮೇಲೆ ಅಪ್‌ಲೋಡ್ ಬೇರೆ ಸೇರಿತು. ಅಂದರೆ ಉಳಿದದ್ದು ಸರ್ವರ್ ಇಟ್ಟವನ ಹಣ.

ಮನೆಯಲ್ಲಿ ಮಿತಿ ಇಲ್ಲದ ಫೈಬರ್ ಸಂಪರ್ಕ ಇರುವವನಿಗೆ ಇದರಿಂದ ತೊಂದರೆ ಕಡಿಮೆ. ಆದರೆ ಮೊಬೈಲ್ ಪ್ಯಾಕ್‌ನಲ್ಲಿ ಅಪ್‌ಲೋಡ್ ಕೂಡ ಲೆಕ್ಕಕ್ಕೆ ಬರುತ್ತದೆ. ಒಂದು ಗಂಟೆ ನೋಡಲು 0.9 ಜಿ.ಬಿ., ಅಷ್ಟನ್ನೇ ಬೇರೆಯವರಿಗೆ ಕೊಟ್ಟರೆ ಇನ್ನೊಂದು 0.9 ಜಿ.ಬಿ. ಒಟ್ಟು 1.8 ಜಿ.ಬಿ. ದಿನದ 1.5 ಜಿ.ಬಿ. ಪ್ಯಾಕ್ ಪಾಠ ಮುಗಿಯುವ ಮೊದಲೇ ಮುಗಿದಿರುತ್ತದೆ. ಬಡ ವಿದ್ಯಾರ್ಥಿಯ ಜೇಬಿನಿಂದ ಶ್ರೀಮಂತ ಕಂಪನಿಯ ಬಿಲ್ ಕಟ್ಟಿಸುವುದು ಹಂಚಿಕೆಯಲ್ಲ. ಆದ್ದರಿಂದ ಕೇಳಿ, ಒಪ್ಪಿಗೆ ಪಡೆದು, ಮೊಬೈಲ್ ಡೇಟಾದಲ್ಲಿ ಅಪ್‌ಲೋಡ್ ನಿಲ್ಲಿಸಿ, ನಂತರವೇ ಈ ಪದ್ಧತಿಯನ್ನು ಬಳಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಜಾಲದ ಉಳಿತಾಯವೂ ತಾನಾಗಿ ಆಗುವುದಿಲ್ಲ. ಗಾಂಧಿ ಬಜಾರಿನಲ್ಲಿ ಕುಳಿತವನಿಗೆ ಪಕ್ಕದ ಅಂಗಡಿಯಿಂದ ತುಣುಕು ಸಿಕ್ಕರೆ ದೂರದ ದಾರಿಯ ಹೊರೆ ಇಳಿಯುತ್ತದೆ. ಆದರೆ ತಂತ್ರಾಂಶ ಕಣ್ಣುಮುಚ್ಚಿ ದೆಹಲಿಯ ಜೊತೆಗಾರನನ್ನು ಆರಿಸಿದರೆ, ಹತ್ತಿರದ ಉಗ್ರಾಣದಿಂದ ಬರಬಹುದಾಗಿದ್ದ ತುಣುಕು ದೇಶ ಸುತ್ತಿ ಬರುತ್ತದೆ. ಹೊರೆ ಹೆಚ್ಚುತ್ತದೆ. ಪಕ್ಕಪಕ್ಕದ ಎರಡು ಅಂಗಡಿಗಳಿಗೆ ಎರಡು ಬೇರೆ ಕಂಪನಿಗಳ ಸಂಪರ್ಕವಿದ್ದರೂ ಇದೇ ಕಥೆ. ಗೋಡೆ ಒಂದೇ ಆದರೂ ದತ್ತಾಂಶ ಆ ಎರಡು ಕಂಪನಿಗಳು ಕೂಡುವ ಊರಿನವರೆಗೆ ಹೋಗಿ ಬರಬೇಕು. ಹೀಗೆ ಹತ್ತಿರದವರನ್ನು ಗುರುತಿಸಲು ಜಾಲ ಮತ್ತು ತಂತ್ರಾಂಶ ಪರಸ್ಪರ ಮಾಹಿತಿ ಕೊಡುವ ಆಲ್ಟೋ ಎಂಬ ನಿಯಮಾವಳಿ 2014ರಲ್ಲಿ ಪ್ರಕಟವಾಗಿದೆ. ಜೊತೆಗಾರ ಹತ್ತಿರದವನಾದರೆ ಮಾತ್ರ ಜಾಲಕ್ಕೆ ಲಾಭ. ಇದು ನೆನಪಿಡಬೇಕಾದ ಸೂತ್ರ.

ಮತ್ತೊಂದು ಅಡ್ಡಿ ಎಂದರೆ, ಮೊಬೈಲ್ ಕಂಪನಿಗಳು ಬಹಳ ಜನ ಗ್ರಾಹಕರನ್ನು ಒಂದೇ ಹೊರ ವಿಳಾಸದ ಹಿಂದೆ ಕೂರಿಸಿರುತ್ತವೆ. ಹಾಗಾಗಿ ಇಬ್ಬರು ಗ್ರಾಹಕರು ನೇರವಾಗಿ ಮಾತಾಡಲು ಎಷ್ಟೋ ಸಲ ಆಗುವುದಿಲ್ಲ. ನಡುವೆ ಇನ್ನೊಂದು ಸರ್ವರ್ ಹಾಕಿ ದಾಟಿಸಿದರೆ ಉಳಿತಾಯದ ಉದ್ದೇಶವೇ ಹೋಯಿತು.

ನಮಗೆ ಇದರ ಉಪಯೋಗ ಎಲ್ಲಿ?

ಹಾಗಾದರೆ ಈ ವಿದ್ಯೆ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಸರಿಯಾದ ಜಾಗ ತಿಳಿದಿರಬೇಕು ಅಷ್ಟೇ.

ಒಂದು ಕಾಲೇಜಿನ ಲ್ಯಾಬ್ ತೆಗೆದುಕೊಳ್ಳಿ. 60 ಕಂಪ್ಯೂಟರ್, ಹೊರಗಿನಿಂದ 100 ಮೆಗಾಬಿಟ್ ಸಂಪರ್ಕ. ಎಲ್ಲರೂ 2 ಮೆಗಾಬಿಟ್‌ನ ಒಂದೇ ನೇರ ಪಾಠ ನೋಡಿದರೆ 120 ಮೆಗಾಬಿಟ್ ಬೇಕು. ಸಾಲುವುದಿಲ್ಲ, ಎಲ್ಲರ ಚಿತ್ರವೂ ನಿಂತು ನಿಂತು ಬರುತ್ತದೆ. ಅದೇ ಮೂರು ಪ್ರತಿ ಮಾತ್ರ ಹೊರಗಿನಿಂದ ಬಂದು, ಉಳಿದದ್ದು ಲ್ಯಾಬಿನ ಒಳಗಿನ ತಂತಿಯಲ್ಲೇ ಹಂಚಿಕೆಯಾದರೆ ಹೊರಗಿನ ಸಂಪರ್ಕಕ್ಕೆ ಬೀಳುವ ಹೊರೆ 6 ಮೆಗಾಬಿಟ್. ಇಲ್ಲಿ ಅಪ್‌ಲೋಡ್‌ಗೆ ಯಾರೂ ಹಣ ಕೊಡಬೇಕಾಗಿಲ್ಲ, ಜೊತೆಗಾರರೆಲ್ಲ ಒಂದೇ ಕೊಠಡಿಯವರು. ಎಲ್ಲರೂ ಒಂದೇ ಪಾಠ ನೋಡುವುದಾದರೆ ಒಂದು ಪ್ರೊಜೆಕ್ಟರ್ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. ಸಾಕು, ಅದೇ ಎಲ್ಲಕ್ಕಿಂತ ಅಗ್ಗ. ಆದರೆ ಬೇರೆ ಬೇರೆ ಕೊಠಡಿಗಳಲ್ಲಿ, ಬೇರೆ ಬೇರೆ ಕಟ್ಟಡಗಳಲ್ಲಿ ಕುಳಿತವರಿಗೆ ಹಂಚಿಕೆಯೇ ದಾರಿ. ವೈ-ಫೈನಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ಕೊಡುವುದೂ ಪಡೆಯುವುದೂ ಒಂದೇ ಗಾಳಿಯಲ್ಲಿ ನಡೆಯುವುದರಿಂದ ಒಂದು ತುಣುಕಿಗೆ ಎರಡು ಬಾರಿ ಸಮಯ ತಗಲುತ್ತದೆ. ಹೊರಗಿನ ಸಂಪರ್ಕ ಉಳಿದರೂ ಒಳಗೆ ಇಕ್ಕಟ್ಟಾಗುತ್ತದೆ.

2015ರಲ್ಲಿ ಬಂದ ವಿಂಡೋಸ್ 10ರಿಂದ ಈಚೆಗೆ, ಒಂದೇ ಜಾಲದ ಕಂಪ್ಯೂಟರ್‌ಗಳು ಅಪ್‌ಡೇಟ್‌ಗಳನ್ನು ಪರಸ್ಪರ ಹಂಚಿಕೊಳ್ಳುವ ಏರ್ಪಾಡು ಇದೆ. ಲ್ಯಾಬ್ ನೋಡಿಕೊಳ್ಳುವವರು ಆ ಸೆಟ್ಟಿಂಗ್ ಅನ್ನು ಸ್ಥಳೀಯ ಜಾಲಕ್ಕೆ ಮಾತ್ರ ಸೀಮಿತಗೊಳಿಸಿ ಬಳಸಬಹುದು. ಕಚೇರಿಗಳ ಒಳಗಿನ ನೇರ ಪ್ರಸಾರಕ್ಕೆ ಇದೇ ತಂತ್ರ ಒದಗಿಸುತ್ತಿದ್ದ ಪೀರ್5 ಎಂಬ ಕಂಪನಿಯನ್ನು ಮೈಕ್ರೋಸಾಫ್ಟ್ 2021ರಲ್ಲಿ ಕೊಂಡುಕೊಂಡಿತು. ದೊಡ್ಡವರೂ ಇದನ್ನು ಪೂರ್ತಿ ಬಿಟ್ಟಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇನ್ನು ಸಣ್ಣ ಸಂಸ್ಥೆಗಳು. ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆ 2018ರಲ್ಲಿ ಪೀರ್‌ಟ್ಯೂಬ್‌ನ ಮೊದಲ ಪೂರ್ಣ ಆವೃತ್ತಿಯನ್ನು ಉಚಿತವಾಗಿ ಬಿಡುಗಡೆ ಮಾಡಿತು. 2021ರಲ್ಲಿ ಅದಕ್ಕೆ ನೇರ ಪ್ರಸಾರವೂ ಸೇರಿತು. ಒಂದೇ ವಿಡಿಯೋ ನೋಡುವವರ ಬ್ರೌಸರ್‌ಗಳು ವೆಬ್‌ಆರ್‌ಟಿಸಿ ಎಂಬ ತಂತ್ರದಿಂದ ತುಣುಕುಗಳನ್ನು ಹಂಚಿಕೊಳ್ಳುತ್ತವೆ. ಬೇಡವೆಂದವರು ಅದನ್ನು ನಿಲ್ಲಿಸಿಕೊಳ್ಳಬಹುದು. ಕನ್ನಡದಲ್ಲಿ ಪಾಠ ಮಾಡುವ ಒಂದು ಸಣ್ಣ ಸಂಸ್ಥೆ ತನ್ನದೇ ಚಿಕ್ಕ ಸರ್ವರ್‌ನಿಂದ ನೂರಾರು ಜನರನ್ನು ತಲುಪಲು ಇದು ನೆರವಾಗಬಲ್ಲದು.

ನಮ್ಮ ಬೆಂಗಳೂರಿನಲ್ಲೂ ಇದಕ್ಕೆ ಹತ್ತಿರದ ಕೆಲಸ ನಡೆದಿದೆ. ಇಂಟರ್‌ನೆಟ್ ಇಲ್ಲದೆ ರೇಡಿಯೋದಂತೆ ನೇರವಾಗಿ ಮೊಬೈಲಿಗೆ ಟಿ.ವಿ. ಪ್ರಸಾರ ಮಾಡುವ ಡೈರೆಕ್ಟ್ ಟು ಮೊಬೈಲ್ ಪದ್ಧತಿಯನ್ನು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಮತ್ತು ಕಾನ್ಪುರದ ಐಐಟಿ ಬೆಳೆಸಿವೆ. 2023ರಲ್ಲಿ ಬೆಂಗಳೂರು, ದೆಹಲಿ ಮತ್ತು ನೋಯ್ಡಾಗಳಲ್ಲಿ ಇದರ ಪ್ರಯೋಗವೂ ನಡೆಯಿತು. ಭದ್ರಾವತಿ ಆಕಾಶವಾಣಿಯ ಹಳೆಯ ತತ್ವವೇ ಹೊಸ ಅಂಗಿ ತೊಟ್ಟು ಬಂದಂತೆ ಇದು.

ವಿದ್ಯಾರ್ಥಿಗಳಿಗೆ ಎರಡು ಮಾತು

ಮೊದಲನೆಯದು, ಪೀರ್ ಟು ಪೀರ್ ಎಂದರೆ ಕದ್ದ ಸಿನಿಮಾ ಎಂಬ ಹೆಸರು ಬಂದಿದೆ. ತಂತ್ರ ಅಪರಾಧವಲ್ಲ. ಹಕ್ಕುದಾರರ ಅನುಮತಿಯಿಲ್ಲದೆ ಅವರ ಕೃತಿಯನ್ನು ಹಂಚುವುದು 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಅಪರಾಧ. ಅಲ್ಲದೆ ಜೊತೆಗಾರರಿಗೆ ನಿಮ್ಮ ಇಂಟರ್‌ನೆಟ್ ವಿಳಾಸ ಕಾಣಿಸುತ್ತದೆ ಎಂಬುದನ್ನೂ ಮರೆಯಬೇಡಿ.

ಎರಡನೆಯದು, ಇದರಲ್ಲಿ ಮಾಡಬೇಕಾದ ಕೆಲಸ ಇನ್ನೂ ಬಹಳ ಇದೆ. ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ ಓದುವವರು ಕೊನೆಯ ವರ್ಷದ ಪ್ರಾಜೆಕ್ಟ್ ಅನ್ನು ಬೆಂಗಳೂರಿನ ಅಂಗಡಿಯಿಂದ ಕೊಂಡು ತರಬೇಡಿ. ನಿಮ್ಮ ಲ್ಯಾಬಿನ ಹತ್ತು ಕಂಪ್ಯೂಟರ್‌ಗಳಲ್ಲಿ ಪೀರ್‌ಟ್ಯೂಬ್ ಹಾಕಿ. ಹಂಚಿಕೆ ಇದ್ದಾಗ ಎಷ್ಟು, ಇಲ್ಲದಿದ್ದಾಗ ಎಷ್ಟು ಎಂದು ಹೊರಗಿನ ಸಂಪರ್ಕವನ್ನು ಅಳೆಯಿರಿ. ತಂತಿಯಲ್ಲಿ ಎಷ್ಟು, ವೈ-ಫೈನಲ್ಲಿ ಎಷ್ಟು ಎಂದು ಬರೆದಿಡಿ. ಆ ಅಂಕಿಗಳು ನಿಮ್ಮ ಸ್ವಂತದ್ದಾಗಿರುತ್ತವೆ. ಸಂದರ್ಶನದಲ್ಲಿ ಯಾರು ಏನು ಕೇಳಿದರೂ ಧೈರ್ಯವಾಗಿ ಉತ್ತರಿಸಬಹುದು.

ಸಂಘದ ಹಿರಿಯರಲ್ಲಿ ನನ್ನ ಒಂದು ವಿನಂತಿ. ಊರಿನ ಯಾವುದಾದರೂ ಒಂದು ಕೊಠಡಿಯಲ್ಲಿ ಒಂದು ಹಳೆಯ ಕಂಪ್ಯೂಟರ್, ಒಂದು ದೊಡ್ಡ ಹಾರ್ಡ್ ಡಿಸ್ಕ್ ಇಡಿ. ಅನುಮತಿ ಇರುವ ಪಾಠಗಳನ್ನು ರಾತ್ರಿ ಒಮ್ಮೆ ಇಳಿಸಿಕೊಂಡರೆ, ಹಗಲು ಅಲ್ಲಿಗೆ ಬಂದ ಮಕ್ಕಳು ತಮ್ಮ ಪ್ಯಾಕ್‌ನಿಂದ ಒಂದು ಎಂ.ಬಿ. ಕೂಡ ಖರ್ಚು ಮಾಡದೆ ನೋಡಬಹುದು. ಒಮ್ಮೆ ತಂದದ್ದು ಹತ್ತು ಜನಕ್ಕೆ ಆಗಬೇಕು. ಈ ಇಡೀ ವಿದ್ಯೆಯ ಸಾರ ಅಷ್ಟೇ.

 ಪ್ರಶ್ನೆಗಳಿದ್ದರೆ ವಿದ್ಯಾರ್ಥಿಗಳು ಸಂಕೋಚವಿಲ್ಲದೆ ಕೇಳಬಹುದು.